ಮೇಲಂತಸ್ತಿನ ಅಳಿಯ

ಒಂದು ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಟ್ರಾಮಿನಲ್ಲಿ ಕೂತು ಹೋಗುವುದಕ್ಕಿಂತ, ಟ್ರಾಮ್ ಈ ಗಳಿಗೆಯಲ್ಲಿ ಎಲ್ಲಿದೆ ಎಂದು ಹೇಳುವುದರಲ್ಲಿ ನನಗೆ ಹೆಚ್ಚು ಸುಖ. ದಾದರಿನ ಟ್ರಾಮ್ ನಿಲ್ದಾಣದಲ್ಲಿ ನಾಲ್ಕು ಜನ ಕತ್ತು ಉದ್ದ ಮಾಡಿಕೊಂಡು ದಕ್ಷಿಣದ ಕಡೆ ನೋಡುತ್ತ ನಿಂತಿದ್ದರೆ ಸಾಕು, ನನ್ನ ಕೈ ತಾನಾಗಿ ಕೋಟಿನ ಜೇಬಿಗೆ ಹೋಗುತ್ತದೆ. ಅಲ್ಲಿಂದ ಒಂದು ಸಣ್ಣ ನೋಟ್‌ಬುಕ್ ಹೊರಬರುತ್ತದೆ. ಗಡಿಯಾರ ನೋಡುತ್ತೇನೆ, ಪುಟ ತಿರುವುತ್ತೇನೆ, ಯಾರೂ ಕೇಳದಿದ್ದರೂ ಹೇಳುತ್ತೇನೆ: "ಈಗ ಲಾಲ್‌ಬಾಗ್ ದಾಟಿತು." ಹೇಳಿದ ಹೊತ್ತಿಗೆ ಟ್ರಾಮ್ ಬಂದರೆ, ನಾನೇ ಕರೆಸಿದವನ ಹಾಗೆ ಅತ್ತಿತ್ತ ನೋಡುತ್ತೇನೆ. ಬಾರದಿದ್ದರೆ ಭಾಯಖಳಾದಲ್ಲಿ ಹತ್ತಿಯ ಗಾಡಿಯೊಂದು ಹಳಿಯ ಮೇಲೆ ಮುರಿದು ಬಿದ್ದಿದೆ ಎನ್ನುತ್ತೇನೆ. ಅಲ್ಲಿಗೆ ಹೋಗಿ ಪರೀಕ್ಷಿಸಿ ಬರುವವರು ಯಾರಿದ್ದಾರೆ?

ಈ ವಿದ್ಯೆಗೆ ನನ್ನಲ್ಲಿ ಸಲಕರಣೆಗಳು ಹೆಚ್ಚೇನಿಲ್ಲ. ಮದುವೆಯಲ್ಲಿ ಮಾವನವರು ಕೊಟ್ಟ ಕೈಗಡಿಯಾರ, ಆ ನೋಟ್‌ಬುಕ್ಕು, ಮತ್ತು ನನ್ನ ಎಡಗಾಲು. ಟ್ರಾಮ್ ಕಣ್ಣಿಗೆ ಬೀಳುವ ಮೊದಲೇ ಹಳಿಯಲ್ಲಿ ಒಂದು ಸಣ್ಣ ನಡುಕ ಹುಟ್ಟುತ್ತದೆ. ಚಪ್ಪಲಿ ಬಿಟ್ಟು ಪಾದವಿಟ್ಟರೆ ತಿಳಿಯುತ್ತದೆ. ಮಾಟುಂಗದ ನಮ್ಮ ಬಾಡಿಗೆ ಬಿಡಾರಗಳ ಚಾಳಿನಲ್ಲಿ ನನಗೆ 'ಟ್ರಾಮ್ ಪಂಚಾಂಗ' ಎಂದು ಹೆಸರಿಟ್ಟಿದ್ದರು. ನನ್ನ ಹೆಂಡತಿ ಶಾಂತಾ ಮಾತ್ರ ಇದರಿಂದ ಸ್ವಲ್ಪವೂ ಮರುಳಾದವಳಲ್ಲ. "ಮನ್ಯಾಗ ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಗೊತ್ತಿಲ್ಲ, ಊರಾಗಿನ ಟ್ರಾಮ್ ಎಲ್ಲದಾವು ಅಂತ ಗೊತ್ತು" ಎನ್ನುತ್ತಿದ್ದಳು. ಮಾತು ಸತ್ಯ. ಉಪ್ಪಿನ ಡಬ್ಬಿಗೆ ಹಳಿಯಿಲ್ಲವಲ್ಲ.

ಪಂಚಾಂಗವೆಂದು ಕರೆದದ್ದರಲ್ಲಿ ಅವಮಾನವೇನೂ ನನಗೆ ಕಾಣಿಸಲಿಲ್ಲ. ನಮ್ಮ ಹಿರಿಯರು ಮನೆಯ ಜಗಲಿಯ ಮೇಲೆ ಕೂತು ಗುರು ಈಗ ಯಾವ ರಾಶಿಯಲ್ಲಿದ್ದಾನೆ, ಶನಿ ಎಲ್ಲಿಗೆ ಬಂದ ಎಂದು ಹೇಳುತ್ತಿರಲಿಲ್ಲವೆ? ಅವರೇನು ಆಕಾಶಕ್ಕೆ ಹೋಗಿ ನೋಡಿ ಬಂದಿದ್ದರೆ? ದಾರಿ ನಿಶ್ಚಿತ, ವೇಗ ನಿಶ್ಚಿತ. ಹೊರಟ ಹೊತ್ತು ತಿಳಿದರೆ ಈಗಿನ ಜಾಗ ತಿಳಿಯಿತು. ಟ್ರಾಮೂ ಅಷ್ಟೆ. ಗ್ರಹಗಳು ಕೂಡ ಆಗಾಗ ವಕ್ರಗತಿಯಲ್ಲಿ ಹಿಂದಕ್ಕೆ ಸರಿಯುತ್ತವಂತೆ. ಟ್ರಾಮ್ ದಾದರಿಗೆ ಬಂದು ಮುಖ ತಿರುಗಿಸಿ ಬೋರಿಬಂದರಿನ ಕಡೆ ಹೊರಟಾಗ ನನಗೆ ಅದೇ ನೆನಪಾಗುತ್ತದೆ. ಒಂದೇ ವ್ಯತ್ಯಾಸ: ಶನಿಯ ಒಳಗೆ ಯಾರೂ ಕೂತಿರುವುದಿಲ್ಲ. ಈ ವ್ಯತ್ಯಾಸ ಸಣ್ಣದಲ್ಲವೆಂದು ನನಗೆ ತಿಳಿದದ್ದು ಮೂರು ವರ್ಷದ ಹಿಂದೆ, ನನ್ನ ಅತ್ತೆಯವರನ್ನು ಟ್ರಾಮಿನಲ್ಲಿ ಕಳೆದುಕೊಂಡ ದಿನ.

ಶಾಂತಾಗೆ ಆಗ ಎಂಟು ತಿಂಗಳು ತುಂಬಿ ಒಂಬತ್ತರಲ್ಲಿ ಬಿದ್ದಿತ್ತು. ಮೊದಲ ಕೂಸು ಹುಟ್ಟಿದ ಮೂರನೆಯ ದಿನಕ್ಕೇ ಹೋಗಿಬಿಟ್ಟಿದ್ದರಿಂದ ಈ ಸಲ ಅವಳಿಗೆ ಹಗಲಿರುಳು ಹೆದರಿಕೆ. ಮೆಟ್ಟಿಲು ಹತ್ತಬಾರದು, ಮನಸ್ಸಿಗೆ ಗಾಬರಿಯಾಗುವಂಥದು ಏನೂ ಆಗಬಾರದು ಎಂದು ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದ್ದರು. ಅವಳು ಒಂದೇ ಮಾತು ಆಡುತ್ತಿದ್ದಳು: "ಅವ್ವ ಬಂದ್ರ ನನಗ ಅಂಜಿಕಿ ಇಲ್ಲ." ಅವ್ವ ಇದ್ದದ್ದು ಮುದ್ದೇಬಿಹಾಳದ ಕಡೆಯ ಹಳ್ಳಿಯಲ್ಲಿ. ಹೆಸರು ಗಂಗವ್ವ. ಕನ್ನಡ ಬಿಟ್ಟು ಬೇರೆ ಭಾಷೆ ಕೇಳಿದವರಲ್ಲ, ಸೊಲ್ಲಾಪುರದಿಂದ ಆಚೆಗೆ ಕಾಲಿಟ್ಟವರಲ್ಲ. ಊರಿನವರೊಬ್ಬರು ಸೊಲ್ಲಾಪುರದಲ್ಲಿ ಮುಂಬಯಿಯ ಗಾಡಿಗೆ ಹತ್ತಿಸುವುದೆಂದೂ, ನಾನು ಬೋರಿಬಂದರಿನಲ್ಲಿ ಇಳಿಸಿಕೊಳ್ಳುವುದೆಂದೂ ಏರ್ಪಾಡಾಯಿತು. ದಾದರಿನಲ್ಲೇ ಇಳಿಸಿಕೊಳ್ಳಬಹುದಿತ್ತು. ಆದರೆ ಅಲ್ಲಿ ಗಾಡಿ ನಿಲ್ಲುವುದು ಕೊಂಚ ಹೊತ್ತು. ಟ್ರಂಕು ಇಳಿದು ಅತ್ತೆಯವರು ಉಳಿದರೆ? ಅದಕ್ಕೇ ಕಾಗದದಲ್ಲಿ ಬರೆದಿದ್ದೆ: ಗಾಡಿಗೆ ಮುಂದೆ ಹೋಗಲು ದಾರಿ ಇಲ್ಲದ ಕಡೆ ಇಳಿಯತಕ್ಕದ್ದು.

ಬೆಳಿಗ್ಗೆ ನಾನು ಹೊರಡುವಾಗ ಶಾಂತಾ ಬಾಗಿಲಿಗೆ ಬಂದು ನಿಂತಳು. "ಟ್ಯಾಕ್ಸಿ ಮಾಡ್ರಿ. ಅವ್ವನ್ನ ಒಂದು ಗಳಿಗಿ ಸೈತ ಒಬ್ಬಾಕಿನ್ನ ಬಿಡಬ್ಯಾಡ್ರಿ." ನಾನು ಹೂಂ ಎಂದೆ. ಟ್ಯಾಕ್ಸಿ ಮಾಡಲಿಲ್ಲ. ಟ್ಯಾಕ್ಸಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದು ಅದರ ಡ್ರೈವರನಿಗೂ ಪೂರ್ತಿ ತಿಳಿದಿರುವುದಿಲ್ಲ. ಆಫೀಸಿನ ಹೊತ್ತಿನ ಲೋಕಲ್ಲಿಗೆ ಟ್ರಂಕು, ಬುಟ್ಟಿ, ಅತ್ತೆ ಮೂವರನ್ನೂ ತುರುಕುವುದು ಆಗದ ಮಾತು. ಬೋರಿಬಂದರಿನಿಂದ ಟ್ರಾಮ್ ಖಾಲಿಯಾಗಿ ಹೊರಡುತ್ತದೆ, ಕಿಟಕಿಯ ಪಕ್ಕದ ಜಾಗ ಖಂಡಿತ. ಇದು ನಾನು ನನಗೆ ಹೇಳಿಕೊಂಡ ಕಾರಣ. ನಿಜವಾದ ಕಾರಣವೆಂದರೆ, ಮುಂಬಯಿಯಂಥ ಊರು ತಮ್ಮ ಅಳಿಯನ ಅಂಗೈಯಲ್ಲಿದೆ ಎಂಬುದನ್ನು ಅತ್ತೆಯವರು ಕಣ್ಣಾರೆ ನೋಡಲಿ ಎಂಬ ಆಸೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಮನೆತನಗಳಲ್ಲಿ ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಮಗಳಿಗೋ ಮೊಮ್ಮಗುವಿಗೋ ಹೇಳಿದಂತೆ ಹೇಳುತ್ತಾಳೆ, ಅಳಿಯ ಕೇಳಿಸಿಕೊಳ್ಳುತ್ತಾನೆ. ಯಾರೂ ಇಲ್ಲದಿದ್ದರೆ ಗೋಡೆಗೆ ಹೇಳಿದರೂ ನಡೆಯುತ್ತದೆ. ಮದುವೆಯಾದ ಐದು ವರ್ಷದಲ್ಲಿ ಗಂಗವ್ವನವರು ನನ್ನ ಊಟ, ನಿದ್ದೆ, ಸಂಬಳ, ಆರೋಗ್ಯ ಎಲ್ಲವನ್ನೂ ಕಂಬಗಳ ಮೂಲಕ ವಿಚಾರಿಸಿಕೊಂಡಿದ್ದರು. ಅತ್ತೆಯ ಸರಿಸಮ ಒಂದೇ ಬೆಂಚಿನಲ್ಲಿ ಕೂರುವುದಂತೂ ನನ್ನ ಯೋಚನೆಗೂ ಬಾರದ ಸಂಗತಿ.

ಬೋರಿಬಂದರಿನಲ್ಲಿ ಅತ್ತೆಯವರು ಸುಖವಾಗಿ ಇಳಿದರು. ದಾದರಿಗೆ ಹೋಗುವ ಎರಡಂತಸ್ತಿನ ಟ್ರಾಮ್ ನಿಂತಿತ್ತು. ಕೆಳಗಿನ ಅಂತಸ್ತಿನಲ್ಲಿ ಕಿಟಕಿಯ ಪಕ್ಕ ಅವರನ್ನು ಕೂರಿಸಿದೆ, ಕಾಲಬಳಿ ಟ್ರಂಕು ಇಟ್ಟೆ, ನಾನು ಮೇಲಿನ ಅಂತಸ್ತಿಗೆ ಹೋಗುತ್ತೇನೆಂದು ಬೆರಳಿನಿಂದ ತೋರಿಸಿದೆ. ಅಷ್ಟರಲ್ಲಿ ಅವರು ಬುಟ್ಟಿಯಿಂದ ಹಿತ್ತಾಳೆಯ ತಂಬಿಗೆ ತೆಗೆದು ಟ್ರಂಕಿನ ಮೇಲಿಟ್ಟು, ಟ್ರಂಕಿಗೇ ಕೇಳಿದರು: "ಈ ಊರಾಗ ಕುಡಿಯಾಕ ನೀರು ಸಿಗ್ತಾವೋ ಇಲ್ಲೋ." ನಾನು ತಂಬಿಗೆ ಎತ್ತಿಕೊಂಡೆ. ನಾನೂ ಟ್ರಂಕಿಗೇ ಹೇಳಿದೆ: "ಕುಂತಿರ್ಲಿ, ಏಳೂದು ಬ್ಯಾಡ. ನೀರು ತಗೊಂಡು ಬಂದೆ."

'ಬಂದೆ'! ನಮ್ಮ ಭಾಷೆಯ ಈ ಒಂದು ಪದದ ಬಗ್ಗೆ ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಹೊರಟವನು 'ಬಂದೆ' ಎನ್ನುತ್ತಾನೆ. ಸ್ನಾನದ ಮನೆಯಿಂದ ಕೂಗುವವನು 'ಬಂದೆ' ಎನ್ನುತ್ತಾನೆ. ಎರಡು ಫರ್ಲಾಂಗು ದೂರದಲ್ಲಿ ಚುಕ್ಕಿಯಷ್ಟು ಕಂಡ ಟ್ರಾಮಿಗೆ ನಾವು 'ಬಂತು' ಎಂದುಬಿಡುತ್ತೇವೆ. ಆಗಬೇಕಾದದ್ದನ್ನು ಆಗಿಹೋಯಿತೆಂದು ಹೇಳಿದರೆ ಕೇಳುವವರಿಗೆ ಸಮಾಧಾನ, ಅಷ್ಟೆ. ವ್ಯಾಕರಣದವರು ಇದಕ್ಕೊಂದು ಸೂತ್ರ ಮಾಡಿರಬೇಕು, ನನಗೆ ನೆನಪಿಲ್ಲ. ನಾನಂತೂ 'ಬಂದೆ' ಎಂದು ಹೇಳಿ ಹೋದೆ. ನಳದ ಮುಂದೆ ಸಾಲು ಉದ್ದವಿತ್ತು. ತಂಬಿಗೆ ತುಂಬಿಸಿಕೊಂಡು, ನೀರು ತುಳುಕದ ಹಾಗೆ ಮೆಲ್ಲಗೆ ನಡೆದು ಬಂದೆ. ದಾದರಿನ ಟ್ರಾಮ್ ಇದ್ದ ಜಾಗದಲ್ಲೇ ನಿಂತಿತ್ತು, ಆಗಲೇ ಗಂಟೆ ಬಾರಿಸುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಸೆರಗು ಹೊದ್ದ ಹೆಂಗಸೊಬ್ಬರು ಕೂತದ್ದು ಕಂಡಿತು. ಹೊರಡುವ ಗಾಡಿಯಲ್ಲಿ ಜನರನ್ನು ಸರಿಸಿಕೊಂಡು ಒಳಗೆ ಹೋಗಿ, ಅತ್ತೆಯವರ ಮುಖ ಇಣುಕಿ ನೋಡಿ, ತಂಬಿಗೆ ಕೊಡುವುದು ಮರ್ಯಾದೆಯಲ್ಲವೆನಿಸಿತು. ಮೊದಲ ದೊಡ್ಡ ನಿಲುಗಡೆಯಲ್ಲಿ ಇಳಿದು ಕೊಟ್ಟರಾಯಿತೆಂದು ಸೀದಾ ಮೇಲಕ್ಕೆ ಹತ್ತಿದೆ.

ನಿಲುಗಡೆಗಳು ಬಂದವು, ಹೋದವು. ಮೆಟ್ಟಿಲ ಮೇಲೂ ಜನ ನಿಂತಿದ್ದರಿಂದ ಇಳಿಯಲಾಗಲಿಲ್ಲ ಎಂದು ಈಗ ಹೇಳಬಹುದು. ನಿಜವೆಂದರೆ ನಾನು ಮೈಮರೆತಿದ್ದೆ. ಎಡಗೈಯಲ್ಲಿ ತಂಬಿಗೆ, ಬಲಗೈಯಲ್ಲಿ ಪೆನ್ಸಿಲ್ಲು, ತೊಡೆಯ ಮೇಲೆ ನೋಟ್‌ಬುಕ್ಕು. ಎದುರು ಬರುವ ಪ್ರತಿಯೊಂದು ಟ್ರಾಮಿನ ನಂಬರನ್ನೂ, ನಮ್ಮನ್ನು ದಾಟಿದ ಹೊತ್ತನ್ನೂ ಬರೆದುಕೊಂಡೆ. ದಾದರು ಇನ್ನೇನು ಬಂತು ಎನ್ನುವಾಗ ಒಂದು ಗಾಡಿ ತೀರ ಹತ್ತಿರದಿಂದ ಎದುರಾಗಿ ದಾಟಿತು, ಕೈ ಚಾಚಿದರೆ ಮುಟ್ಟುವಷ್ಟು. ನಂಬರು ನೂರಾ ಹದಿನೇಳು. ಅಂದವಾಗಿ ಬರೆದುಕೊಂಡೆ. ಒಳಗೆ ಯಾರಿದ್ದಾರೆಂದು ನೋಡಲಿಲ್ಲ.

ದಾದರಿನಲ್ಲಿ ಇಳಿದು, ಕೆಳಗಿನ ಬಾಗಿಲಿಗೆ ಬಂದು ನಿಂತು, "ಇಳೀಬೇಕಂತ" ಎಂದು ಕಂಬಕ್ಕೆ ಹೇಳಿದೆ. ಸೆರಗು ಹೊದ್ದ ಹೆಂಗಸು ಇಳಿದರು. ಗುಜರಾತದವರು. ಅವರ ಹಿಂದೆ ಒಬ್ಬ ಮುದುಕರು, ಇಬ್ಬರು ಗಿರಣಿ ಕೆಲಸದವರು, ಹಣ್ಣಿನ ಬುಟ್ಟಿಯ ಒಬ್ಬಾಕೆ. ಆಮೇಲೆ ಯಾರೂ ಇಳಿಯಲಿಲ್ಲ. ಒಳಗೆ ಹತ್ತಿ ನೋಡಿದೆ, ಬೆಂಚುಗಳ ಕೆಳಗೂ ನೋಡಿದೆ. ಟ್ರಂಕೂ ಇರಲಿಲ್ಲ.

ಆಗ ನಡೆದದ್ದು ಹೊಳೆಯಿತು. ನಾನು ನೀರಿಗೆ ಹೋದಾಗ ಅತ್ತೆಯವರ ಗಾಡಿ ಹೊರಟುಹೋಗಿದೆ, ಅದರ ಹಿಂದಿನ ಗಾಡಿ ಆ ಜಾಗಕ್ಕೆ ಸರಿದು ನಿಂತಿದೆ, ನಾನು ಇದನ್ನು ಹತ್ತಿದ್ದೇನೆ. ಹಾಗಾದರೆ ಅವರು ನನಗಿಂತ ಮೊದಲೇ ಇಲ್ಲಿಗೆ ತಲುಪಿರಬೇಕು. ನಿಲ್ದಾಣವನ್ನು ಮೂರು ಸುತ್ತು ಹಾಕಿದೆ. ಹೂವಿನವಳನ್ನು ಕೇಳಿದೆ, ಇರಾನಿ ಹೋಟೆಲಿನ ಒಳಗೆ ಇಣುಕಿದೆ. ಇಳಕಲ್ ಸೀರೆಯ ಹೆಂಗಸನ್ನು ಯಾರೂ ನೋಡಿರಲಿಲ್ಲ. ಮಾಟುಂಗದಲ್ಲಿ ಶಾಂತಾ ಕಿಟಕಿಯ ಬಳಿ ಕೂತಿರುತ್ತಾಳೆ. ಗಾಡಿ ಬರುವ ಹೊತ್ತು ಅವಳಿಗೆ ಗೊತ್ತು, ಲೆಕ್ಕ ಹಾಕುವುದನ್ನು ನಾನೇ ಕಲಿಸಿದ್ದೆ. 'ಅವ್ವ ಎಲ್ಲಿ?' ಎಂದರೆ ಏನು ಹೇಳಲಿ? ಊರಿನ ಎಲ್ಲ ಟ್ರಾಮುಗಳ ಜಾಗ ಬಲ್ಲ ನಾನು ನಿನ್ನ ಅವ್ವ ಎಲ್ಲಿದ್ದಾಳೆಂದು ಅರಿಯೆ ಎನ್ನಲೆ? ಡಾಕ್ಟರ ಮಾತು ನೆನಪಾಗಿ ಓಡತೊಡಗಿದೆ, ತಂಬಿಗೆಯ ನೀರು ಚೆಲ್ಲಿತು.

ನಿಲ್ದಾಣದಲ್ಲಿ ಒಂದು ಸಣ್ಣ ಮರದ ಕೋಣೆಯಿದೆ. ಅದರಲ್ಲಿ ಟೈಮ್‌ಕೀಪರ್ ಸಾವಂತರು ಕೂರುತ್ತಾರೆ. ಗೋಡೆಯ ಗಡಿಯಾರ ನೋಡಿ ಬಂದ ಗಾಡಿ, ಹೋದ ಗಾಡಿ ಬರೆಯುವುದು ಅವರ ಕೆಲಸ. ಸಂಬಳವಿಲ್ಲದೆ ಅದೇ ಕೆಲಸ ಮಾಡುವ ನನ್ನನ್ನು ಅವರು ಎಷ್ಟೋ ದಿನದಿಂದ ಸಹಿಸಿಕೊಂಡಿದ್ದರು. ಅವರ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ನಿಮಗಿಂತ ಮೊದಲು ಬಂದ ಗಾಡಿಯಿಂದ ಅಂಥವರು ಯಾರೂ ಇಳಿಯಲಿಲ್ಲ ಎಂದರು. ಆಮೇಲೆ ಏನೋ ನೆನಪಾಗಿ, ಒಬ್ಬ ಮುದುಕಿ ಇಳಿಯಲು ಒಪ್ಪದೆ ಅದೇ ಗಾಡಿಯಲ್ಲಿ ವಾಪಸು ಹೋದಳೆಂದು ಕಂಡಕ್ಟರ್ ಕೂಗಿ ಹೇಳಿದ್ದ, ಆದರೆ ಆಕೆ ನಿಮ್ಮವಳಲ್ಲ, ಹೆಸರು ಬರೆದುಕೊಂಡಿದ್ದೇನೆ ಎಂದು ಓದಿದರು: "ಕೈತಿನ್‌ಬಾಯಿ. ಕಿರಿಸ್ತಾಂವ್ ಅಸೇಲ್." ಕ್ರಿಶ್ಚಿಯನ್ ಇರಬೇಕು ಎಂದು ಅವರ ಅಂದಾಜು. ನನಗೂ ಯಾರೋ ಕ್ಯಾಥರೀನಬಾಯಿ ಎಂದೇ ಕಂಡಿತು. ಸಾವಂತರು ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು. ಟಿಕೀಟು ಕೇಳಿದರೆ ಆ ಮುದುಕಿ ಬೆರಳನ್ನು ಮೇಲಕ್ಕೆ ತೋರಿಸಿದಳಂತೆ. ಮಗನೋ ಯಾರೋ, "ವರ್ ಗೇಲಾ." ಮೇಲೆ ಹೋಗಿಬಿಟ್ಟನಂತೆ ಪಾಪ. ನನ್ನ ಸಂಕಟದ ನಡುವೆಯೂ ಆ ಅಪರಿಚಿತ ಕ್ಯಾಥರೀನಬಾಯಿಗಾಗಿ, ಮೇಲೆ ಹೋದ ಅವಳ ಹುಡುಗನಿಗಾಗಿ ನನಗೆ ಅಯ್ಯೋ ಎನಿಸಿತು.

ಹಾಗಾದರೆ ಗಂಗವ್ವನವರು ನಡುವೆ ಎಲ್ಲೋ ಇಳಿದಿದ್ದಾರೆ. ಎಲ್ಲಿ? ಭಾಯಖಳಾದಲ್ಲೆ? ಪರೇಲಿನಲ್ಲೆ? ಇಳಿದು ಯಾರನ್ನು ಏನೆಂದು ಕೇಳುತ್ತಾರೆ? ನನ್ನ ವಿಳಾಸ ಅವರಿಗೆ ಗೊತ್ತಿಲ್ಲ, ಅದು ಇದ್ದದ್ದು ನನ್ನ ತಲೆಯಲ್ಲಿ. ಸಾವಂತರು ನನ್ನ ಮುಖ ನೋಡಿ, ಪೊಲೀಸರಿಗೆ ತಿಳಿಸೋಣವೆಂದು ಒಂದು ಕಾಗದ ಎಳೆದುಕೊಂಡು ಬರೆಯಲು ಶುರು ಮಾಡಿದರು. ಮೊದಲು ದೂರು ಕೊಡುವವನ ಹೆಸರು ಬೇಕಲ್ಲ, ತಲೆ ಎತ್ತದೆ ಕೇಳಿದರು: "ನಾವ್ ಕಾಯ್?"

ನಿಮ್ಮ ಹೆಸರೇನು ಎಂದು ಮರಾಠಿಯಲ್ಲಿ ಕೇಳಿದ್ದು. ಹತ್ತು ವರ್ಷದಿಂದ ಈ ಊರಿನಲ್ಲಿ ದಿನಕ್ಕೊಮ್ಮೆಯಾದರೂ ನಾನು ಕೇಳುವ ಪ್ರಶ್ನೆ. ಆದರೆ ಆ ದಿನ, ಆ ಗಾಬರಿಯಲ್ಲಿ, ನನ್ನ ಕಿವಿ ಮುಂಬಯಿಯನ್ನು ಬಿಟ್ಟು ಸೀದಾ ಊರಿಗೆ ಹೋಗಿಬಿಟ್ಟಿತ್ತು. ನನಗೆ ಕೇಳಿಸಿದ್ದು ಕನ್ನಡ. 'ನಾವ.' 'ಕಾಯ್.' ಯಾರೋ ನನಗೆ ಕಾಯಿ ಎನ್ನುತ್ತಿದ್ದಾರೆ, ನಾವೂ ಕಾಯುತ್ತೇವೆ ಎನ್ನುತ್ತಿದ್ದಾರೆ. ಇದೇ ಮಾತನ್ನು ಮುದ್ದೇಬಿಹಾಳದ ಹೆಂಗಸಿಗೆ ಒಬ್ಬ ಕಂಡಕ್ಟರ್ ಹೇಳಿದರೆ ಆಕೆ ಏನು ಉತ್ತರ ಕೊಟ್ಟಾಳು? "ಕಾಯ್ತೀನಿ ಬಾ, ಯಪ್ಪಾ!"

ಕಾಯ್ತೀನಿ ಬಾ ಯಪ್ಪಾ. ಕೈತಿನ್‌ಬಾಯಿ.

ನಾನು ಕೋಣೆಯ ಬಾಗಿಲು ಹಿಡಿದು ನಿಂತೆ. ಎಲ್ಲವೂ ಒಂದರ ಹಿಂದೆ ಒಂದು ತಿಳಿಯಿತು. 'ಏಳೂದು ಬ್ಯಾಡ, ಬಂದೆ' ಎಂದು ಅಳಿಯ ಹೇಳಿದ್ದಾನೆ, ಅವರು ಏಳಲಿಲ್ಲ. ಟಿಕೀಟು ಕೇಳಿದರೆ ಮೇಲಂತಸ್ತಿನ ಕಡೆ ಬೆರಳು ತೋರಿಸಿದ್ದಾರೆ, ಅಳಿಯಂದಿರು ಮೇಲಿದ್ದಾರೆ ಎಂದು. ಅಂದರೆ ಮೇಲೆ ಹೋದವನು ನಾನು! ಇಷ್ಟು ಹೊತ್ತು ನಾನು ಮರುಗಿದ್ದು ನನ್ನ ಸಲುವಾಗಿಯೇ. "ಆ ಗಾಡಿಯ ನಂಬರು?" ಎಂದು ಕೂಗಿದೆ. ಸಾವಂತರು ಪುಸ್ತಕ ನೋಡಿದರು: ನೂರಾ ಹದಿನೇಳು. ನನ್ನ ನೋಟ್‌ಬುಕ್ಕಿನಲ್ಲಿ ಅದು ಇತ್ತು. ಹೊತ್ತು ಸಮೇತ, ಅಂದವಾದ ಅಕ್ಷರದಲ್ಲಿ.

ಸಾವಂತರು ಬೋರಿಬಂದರಿಗೆ ಫೋನು ತಿರುಗಿಸಿದರು. ಲೈನು ಸಿಗಲಿಲ್ಲ. ಮತ್ತೆ ತಿರುಗಿಸಿದರು, ಅಲ್ಲಿ ಗಂಟೆ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಆಮೇಲೆ ಅವರು ತಮ್ಮ ಪುಸ್ತಕ ತಿರುವಿದರು. ಒಂದು ಸಾಲಿನ ಮೇಲೆ ಬೆರಳಿಟ್ಟು ಹೇಳಿದರು: ಬೋರಿಬಂದರಿನಲ್ಲಿ ಆ ಕಂಡಕ್ಟರನ ಡ್ಯೂಟಿ ಮುಗಿಯುತ್ತದೆ, ಬೇರೆಯವನು ಹತ್ತುತ್ತಾನೆ. ಹೊಸಬನಿಗೆ ಆಕೆಯ ಸಂಗತಿ ಏನು ಗೊತ್ತು? ಟಿಕೀಟಿಲ್ಲದ ಮುದುಕಿ ಎಂದು ಇಳಿಸಿಬಿಡಬಹುದು.

ಹೊರಡಲು ನಿಂತಿದ್ದ ಗಾಡಿಯ ಕಡೆ ನಾನು ಓಡಿದೆ. ಸಾವಂತರು ಹಿಂದಿನಿಂದ ಬಂದು ರಟ್ಟೆ ಹಿಡಿದರು. ಅವರು ಸೌಮ್ಯ ಮನುಷ್ಯ, ಆದರೆ ಆಗ ಗದರಿಸಿದರು: "ಬಸಾ! ಗಾಡಿ ರೂಳಾವರ್ ಆಹೇ, ಉಡೂನ್ ಜಾಣಾರ್ ನಾಹೀ!" ಕೂತುಕೊಳ್ಳಿ, ಗಾಡಿ ಹಳಿಯ ಮೇಲಿದೆ, ಹಾರಿಹೋಗುವುದಿಲ್ಲ. ನೀವು ಅತ್ತ ಹೋದರೆ ಅವರು ಇತ್ತ ಬರುತ್ತಾರೆ, ಇಬ್ಬರೂ ದಿನವಿಡೀ ಎದುರುಬದರು ದಾಟುತ್ತಿರುತ್ತೀರಿ. ಒಬ್ಬರಾದರೂ ಒಂದು ಕಡೆ ಇರಬೇಕು. ಇದೇ ಉಪದೇಶವನ್ನು ನಾನು ಎಷ್ಟು ಜನಕ್ಕೆ ಮಾಡಿಲ್ಲ! ಹಳಿಯ ಮೇಲಿನ ಗಾಡಿ ಎಲ್ಲಿಗೆ ಹೋದೀತು ಎಂದು. ಗಾಡಿ ಎಲ್ಲಿಗೂ ಹೋಗುವುದಿಲ್ಲ, ಒಪ್ಪಿದೆ. ಗಾಡಿಯಲ್ಲಿ ಕೂತವರು?

ಬೆಂಚಿನ ಮೇಲೆ ಕೂತೆ. ನೂರಾ ಹದಿನೇಳು ಬೋರಿಬಂದರು ಮುಟ್ಟಿ ಮರಳಿ ಬರಲು ಎಷ್ಟು ಹೊತ್ತು ಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆ ಲೆಕ್ಕದಿಂದ ಒಂದು ಚೂರೂ ಸಮಾಧಾನವಾಗಲಿಲ್ಲ. ಈಗ ಲಾಲ್‌ಬಾಗ್, ಈಗ ಭಾಯಖಳಾ, ಈಗ ಬೋರಿಬಂದರು ಎಂದು ಮನಸ್ಸು ತಾನಾಗಿ ಎಣಿಸುತ್ತಿತ್ತು. ಬೋರಿಬಂದರಿಗೆ ಬಂದೊಡನೆ, ಹೊಸ ಕಂಡಕ್ಟರ್ ಅವರ ಮುಂದೆ ನಿಂತು ಕೈ ಚಾಚಿದಂತೆ ಕಾಣುತ್ತಿತ್ತು. ಮೊದಲ ಗಾಡಿ ಬಂತು. ಅದಲ್ಲ. ಎರಡನೆಯದು ಬಂತು. ಅದಲ್ಲ. 'ಬಂತು' ಎಂಬ ಪದದ ಮೇಲೆಯೇ ನನಗೆ ಸಿಟ್ಟು ಬಂತು. ಚಪ್ಪಲಿ ಬಿಟ್ಟು ಹಳಿಯ ಮೇಲೆ ಕಾಲಿಡಲೂ ಹೆದರಿಕೆ. ನಡುಕ ಗಾಡಿಯದೋ ನನ್ನದೋ ತಿಳಿಯುತ್ತಿರಲಿಲ್ಲ. ಬಿಸಿಲು ಏರಿತು. ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈಯಿಂದ ಅದರ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಜೀವನದಲ್ಲಿ ನಾನು ಮೊದಲ ಸಲ ಟ್ರಾಮಿಗಾಗಿ ಕಾದದ್ದು ಆ ದಿನ. ಅದರ ಮೊದಲು ನಾನು ಲೆಕ್ಕ ಹಾಕುತ್ತಿದ್ದೆ, ಅಷ್ಟೆ.

ನೂರಾ ಹದಿನೇಳು ನನ್ನ ಲೆಕ್ಕಕ್ಕಿಂತ ಆರು ನಿಮಿಷ ತಡವಾಗಿ ಬಂತು. ಸಾವಂತರೂ ಕೋಣೆ ಬಿಟ್ಟು ಹೊರಗೆ ಬಂದು ನಿಂತಿದ್ದರು. ಕೆಳಗಿನ ಅಂತಸ್ತು, ಕಿಟಕಿಯ ಪಕ್ಕ, ಹಣೆಯವರೆಗೆ ಸೆರಗು. ಕಾಲಬಳಿ ಟ್ರಂಕು. ಅವರ ಎದುರಿನ ಬೆಂಚಿನಲ್ಲಿ ಒಬ್ಬ ಕಂಡಕ್ಟರ್ ಕೂತಿದ್ದ. ಟಿಕೀಟಿನ ಚೀಲ ಅವನ ಹೆಗಲ ಮೇಲಿರಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ಚೀಲ ಹಾಕಿಕೊಂಡ ಇನ್ನೊಬ್ಬ ಬಾಗಿಲಲ್ಲಿ ನಿಂತಿದ್ದ. ನನಗೆ ಮೊದಲು ಅರ್ಥವಾಗಲಿಲ್ಲ, ಸಾವಂತರು ವಿಚಾರಿಸಿ ಹೇಳಿದರು. ಬೋರಿಬಂದರಿನಲ್ಲಿ ಅವನ ಡ್ಯೂಟಿ ಮುಗಿದಿತ್ತು. ಚೀಲ, ಲೆಕ್ಕ ಒಪ್ಪಿಸಿ ಮನೆಗೆ ಹೋಗಬೇಕಾದವನು. ಮಗನನ್ನು ಕಳೆದುಕೊಂಡ ಮುದುಕಿಯನ್ನು ಹೀಗೆ ಬಿಟ್ಟು ಹೋಗಲು ಮನಸ್ಸು ಬಾರದೆ, ಯಾರಾದರೂ ಬಂದೇ ಬರುತ್ತಾರೆಂದು, ಮರಳಿ ಅದೇ ಗಾಡಿಯಲ್ಲಿ ಅವಳ ಎದುರು ಕೂತು ಬಂದಿದ್ದ.

ನಾನು ಕೆಳ ಅಂತಸ್ತಿಗೆ ಹತ್ತಿದೆ. ಕಣ್ಣಲ್ಲಿ ನೀರು ಬಂದಿತ್ತು, ಮುಚ್ಚಿಡಲಿಲ್ಲ. ತಂಬಿಗೆಯನ್ನು ಟ್ರಂಕಿನ ಮೇಲಿಟ್ಟೆ. ಅರ್ಧದಷ್ಟು ನೀರು ಉಳಿದಿತ್ತು. ಅತ್ತೆಯವರು ಸೆರಗಿನ ಒಳಗಿನಿಂದಲೇ ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಟ್ರಂಕಿಗೆ ಹೇಳಿದರು: "ನೀರು ಭಾಳ ದೂರ ಅದಾವ ಕಾಣತೈತಿ ಈ ಊರಾಗ." ಗಟಗಟ ಕುಡಿದು, ಉಳಿದದ್ದನ್ನು ಕಂಡಕ್ಟರನ ಮುಂದೆ ಹಿಡಿದರು. ಅವನೂ ಕುಡಿದ. ಮೇಲೆ ಹೋದವನು ಇವನೇ ಎಂದು ಸಾವಂತರು ನನ್ನನ್ನು ತೋರಿಸಿದಾಗ ಅವನು ಎಷ್ಟು ನಕ್ಕನೆಂದರೆ, ಟೋಪಿ ಕೆಳಗೆ ಬಿತ್ತು.

ಅಲ್ಲಿಂದ ಮನೆಗೆ ಟ್ಯಾಕ್ಸಿಯಲ್ಲಿ ಹೋದೆವು. ಶಾಂತಾ ಕಿಟಕಿಯಲ್ಲೇ ಇದ್ದಳು, ಮುಖ ಬಿಳಚಿಕೊಂಡಿತ್ತು. "ಯಾಕವ್ವ ಇಷ್ಟು ಹೊತ್ತಾತು?" ಎಂದಳು. ನಾನು ಟ್ರಂಕನ್ನು ಮೂಲೆಗೆ ಸರಿಸತೊಡಗಿದೆ. ನನ್ನ ಮರ್ಯಾದೆ ಆಗ ಆ ಹೆಂಗಸಿನ ನಾಲಿಗೆಯ ಮೇಲಿತ್ತು. "ಅಳಿಯಂದ್ರು ಊರೆಲ್ಲಾ ತೋರಿಸಿದ್ರವ್ವ" ಎಂದರು ಗಂಗವ್ವನವರು, ಮಗಳ ತಲೆ ಸವರುತ್ತ. "ನೆನಪ ಉಳೀಲಿ ಅಂತ ಎರಡೆರಡು ಸಲ ತೋರಿಸಿದ್ರು." ಮೂರು ವಾರಕ್ಕೆ ಹೆಣ್ಣು ಮಗು ಹುಟ್ಟಿತು. ಈಗ ಓಡಾಡುತ್ತದೆ, ಚಾಳಿನ ಮೂರು ಭಾಷೆಗಳನ್ನು ಸೇರಿಸಿ ಮಾತಾಡುತ್ತದೆ. ನಿಜ ಸಂಗತಿಯನ್ನು ನಾನು ಶಾಂತಾಗೆ ಹೇಳಿದ್ದು ಬಾಣಂತನ ಮುಗಿದ ಮೇಲೆ. ಎರಡು ದಿನ ಅವಳು ನನ್ನ ಜೊತೆ ಕಂಬದ ಮೂಲಕವೇ ಮಾತಾಡಿದಳು.

ಅತ್ತೆಯವರು ಊರಿಗೆ ಮರಳಿದ ಮೇಲೆ ಅಲ್ಲಿನ ಮಾಸ್ತರರ ಕೈಯಲ್ಲಿ ಕಾಗದ ಬರೆಸುತ್ತಾರೆ. ಪ್ರತಿ ಕಾಗದದ ಕೊನೆಗೂ ಒಂದು ಸಾಲು: 'ನಾವಕಾಯ್ ಅವರಿಗೆ ನಮಸ್ಕಾರ.' ಆ ಕಂಡಕ್ಟರನ ಹೆಸರು ನಾವಕಾಯ್ ಎಂದು ಅವರು ತಿಳಿದಿಲ್ಲ. ಆದರೆ ತಮಗೆ 'ನಾವೂ ಕಾಯುತ್ತೇವೆ' ಎಂದವನನ್ನು ಕರೆಯಲು ಏನಾದರೂ ಬೇಕಲ್ಲ. ಅವನೂ ನನ್ನನ್ನು ಕಂಡಾಗಲೆಲ್ಲ ಕೈತಿನ್‌ಬಾಯಿ ಹೇಗಿದ್ದಾರೆ ಎಂದು ಕೇಳುತ್ತಾನೆ. ಒಬ್ಬರಿಗೊಬ್ಬರು ಇಟ್ಟುಕೊಂಡ ಈ ಹೆಸರುಗಳನ್ನು ತಿದ್ದಲು ನಾನು ಹೋಗಿಲ್ಲ. ನಿಜವಾದ ಹೆಸರುಗಳಲ್ಲಿ ಇಷ್ಟು ಅರ್ಥ ಇರುವುದು ಅಪರೂಪ.

ಮೊನ್ನೆ ಊರಿನಿಂದ ಬಂದವರ ಕೈಯಲ್ಲಿ ಅತ್ತೆಯವರು ಅವನಿಗಾಗಿ ಶೇಂಗಾ ಹಿಂಡಿಯ ಚಟ್ನಿಪುಡಿ ಕಳಿಸಿದ್ದರು. ಡಬ್ಬಿ ಹಿಡಿದುಕೊಂಡು ದಾದರಿನ ನಿಲ್ದಾಣಕ್ಕೆ ಹೋದೆ. ಅವನ ಗಾಡಿ ಇನ್ನೂ ಬಂದಿರಲಿಲ್ಲ. ನೋಟ್‌ಬುಕ್ ತರುವುದನ್ನು ಬಿಟ್ಟು ಬಹಳ ದಿನವಾಯಿತು. ಬೆಂಚಿನ ಮೇಲೆ ಒಬ್ಬ ಮರಾಠಿ ಗೃಹಸ್ಥರು ಒಬ್ಬರೇ ಚಡಪಡಿಸುತ್ತ ಕೂತಿದ್ದರು. ನನ್ನನ್ನು ನೋಡಿ, ಟ್ರಾಮ್ ಈಗ ಎಲ್ಲಿದೆಯೋ ಎಂದು ಕೇಳಿದರು. ನಾನು ಯೋಚಿಸಲಿಲ್ಲ, ಬಾಯಿಗೆ ಬಂದದ್ದನ್ನು ನನ್ನ ಭಾಷೆಯಲ್ಲೇ ಹೇಳಿಬಿಟ್ಟೆ: "ನಾವ ಕಾಯ್."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಕ್ಕು, ತಮ್ಮ ಹೆಸರು ದತ್ತಾತ್ರೇಯ ಎಂದು ಹೇಳಿ, ಬೆಂಚಿನ ಮೇಲೆ ನನಗಿಷ್ಟು ಜಾಗ ಬಿಟ್ಟು ಸರಿದು ಕೂತರು.